ಸುರುಳಿ, ಸುಳಿ, ಮುರಿ: ಸುತ್ತಿದ ಆಕಾರಕ್ಕೆ ಸರಿಯಾದ ಪದ ಆರಿಸುವ ಬಗೆ

ಸೊಳ್ಳೆಬತ್ತಿಯೂ ಸುರುಳಿ, ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗೂ ಸುರುಳಿ, ಸುತ್ತಿಟ್ಟ ಚಾಪೆಯೂ ಸುರುಳಿ. ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ವಸ್ತು ಕಣ್ಣೆದುರೇ ಇರುತ್ತದೆ. ಬರಹದಲ್ಲಿ ಹಾಗಾಗುವುದಿಲ್ಲ. ‘ತಂತಿಯನ್ನು ಸುರುಳಿಯಾಗಿ ಸುತ್ತಿ’ ಎಂದು ಓದಿದ ವಿದ್ಯಾರ್ಥಿ ಅದನ್ನು ಚಕ್ಕುಲಿಯ ಹಾಗೆ ಮೇಜಿನ ಮೇಲೆ ಚಪ್ಪಟೆಯಾಗಿ ಸುತ್ತಬಹುದು, ಪೆನ್ಸಿಲ್ಲಿನ ಮೇಲೆ ಉದ್ದಕ್ಕೂ ಸುತ್ತಬಹುದು. ಪಾಠ ಕೇಳುತ್ತಿರುವುದು ಎರಡನೆಯದನ್ನು. ವಾಕ್ಯ ಅದನ್ನು ಹೇಳಿಲ್ಲ.

ಪಠ್ಯ ಬರೆಯುವವರು, ಅನುವಾದಕರು, ಕೈಕೆಲಸದ ವಿಧಾನ ವಿವರಿಸುವವರು ದಿನವೂ ಎದುರಿಸುವ ತೊಡಕು ಇದು. ಕನ್ನಡದಲ್ಲಿ ಪದಗಳ ಕೊರತೆ ಇಲ್ಲ. ಆಕಾರವನ್ನು ಸರಿಯಾಗಿ ನೋಡಿ, ಆಮೇಲೆ ಪದಕ್ಕೆ ಕೈ ಹಾಕಬೇಕು, ಅಷ್ಟೆ. ನೋಡಬೇಕಾದ ಕ್ರಮ ಹೀಗಿದೆ.

ಮೊದಲ ಪ್ರಶ್ನೆ: ಸುಳಿಯೋ, ಸುರುಳಿಯೋ?

ಈ ಎರಡು ಪದಗಳನ್ನು ಅಕ್ಕತಂಗಿಯರೆಂದು ಎಷ್ಟೋ ಜನ ತಿಳಿದಿದ್ದಾರೆ. ಇಂದಿನ ಕಾಗುಣಿತ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಹಳಗನ್ನಡದಲ್ಲಿ ಒಂದು ‘ಸುರುಳ್’, ಇನ್ನೊಂದು ‘ಸುೞಿ’. ನಡುವಿನ ‘ೞ’ ಅಕ್ಷರ ಬಳಕೆಯಿಂದ ಬಿದ್ದುಹೋಗಿ ಅದರ ಜಾಗಕ್ಕೆ ‘ಳ’ ಬಂದಾಗ ಎರಡೂ ಒಂದೇ ಮನೆಯವರಂತೆ ಕಾಣತೊಡಗಿದವು. ತಮಿಳಿನಲ್ಲಿ ಇಂದಿಗೂ ಎರಡರ ಉಚ್ಚಾರ ಬೇರೆ ಬೇರೆಯಾಗಿಯೇ ಉಳಿದಿದೆ.

ಅರ್ಥದಲ್ಲೂ ಬೇರ್ಪಡೆ ಸ್ಪಷ್ಟ. ಸುಳಿಯಲ್ಲಿ ಚಲನೆ ಇದೆ, ಒಂದು ನಡುವಿದೆ. ಹೊಳೆಯ ಸುಳಿ, ಸುಳಿಗಾಳಿ, ಸುಳಿದಾಡುವುದು ಎಲ್ಲ ಈ ಬೇರಿನವು. ಯಾರೋ ಸುಳಿದು ಹೋದ ಗುರುತಾದ ‘ಸುಳಿವು’ ಕೂಡ ಇಲ್ಲಿಂದಲೇ ಬಂದದ್ದು. ನೆತ್ತಿಯ ಮೇಲೆ ಕೂದಲು ಯಾವ ಬಿಂದುವಿನಿಂದ ಸುತ್ತಿ ಹರಡಿದೆಯೋ ಅದು ಸುಳಿ. ದನ, ಕುದುರೆ ಕೊಳ್ಳುವವರು ಮೈಮೇಲೆ ಹುಡುಕುವುದೂ ಅದನ್ನೇ. ಬಾಳೆ, ತೆಂಗು, ಅಡಿಕೆಯ ತುದಿಯಲ್ಲಿ ಇನ್ನೂ ಬಿಚ್ಚಿಕೊಳ್ಳದ ಎಳೆಯ ಎಲೆಯೂ ಸುಳಿಯೇ. ತೋಟದವರು ‘ಸುಳಿ ಕೊಳೆ ರೋಗ’ ಎನ್ನುತ್ತಾರೆ. ಅದನ್ನು ‘ಸುರುಳಿ ಕೊಳೆ’ ಎಂದು ತಿದ್ದಿದರೆ ಯಾವ ಬೆಳೆಗಾರನಿಗೂ ಅರ್ಥವಾಗದು.

ಸುರುಳಿ ಎಂದರೆ ಸುತ್ತಿಕೊಂಡು ನಿಂತ ವಸ್ತು ಅಥವಾ ಅದರ ಆಕಾರ. ಪರೀಕ್ಷೆ ಸುಲಭ: ತಿರುಗುವಿಕೆ ನಿಂತ ಮೇಲೂ ಆಕಾರ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ನೀರು ನಿಂತರೆ ಸುಳಿ ಇಲ್ಲವಾಗುತ್ತದೆ. ತಂತಿ ಮೇಜಿನ ಮೇಲೆ ಬಿದ್ದಿದ್ದರೂ ಸುರುಳಿ ಸುರುಳಿಯೇ. ಕೂದಲಿನ ಸುಳಿ, ಗಿಡದ ಸುಳಿ ಈ ಪರೀಕ್ಷೆಗೆ ಹೊರತು. ಅಲ್ಲಿ ನೋಡಬೇಕಾದದ್ದು ಎಲ್ಲ ಒಂದು ನಡುವಿನಿಂದ ಹೊರಡುತ್ತದೆಯೇ ಎಂಬುದನ್ನು.

ಸುರುಳಿಯ ಬೇರು ಮತ್ತು ಅದರ ದೂರದ ನೆಂಟ

ಸುರುಳಿ ದ್ರಾವಿಡ ಪದ. ತಮಿಳಿನ ಸುರುಳ್, ಮಲಯಾಳದ ಚುರುಳ್ ಇದರ ಒಡಹುಟ್ಟಿದವು. ಅದೇ ಮೂಲದ ಕ್ರಿಯಾಪದ ನಮ್ಮಲ್ಲಿ ‘ಸುರುಟು’: ಬಿಸಿಲಿಗೆ ಎಲೆ ಸುರುಟಿಕೊಳ್ಳುತ್ತದೆ, ಚಾಪೆಯನ್ನು ಸುರುಟಿ ಮೂಲೆಗಿಡುತ್ತೇವೆ. ತಮಿಳಿನಲ್ಲಿ ಸುರುಟ್ಟು ಎಂದರೆ ಸುತ್ತುವುದು, ಎಲೆಯನ್ನು ಸುತ್ತಿ ಮಾಡಿದ ಹೊಗೆಬತ್ತಿಯೂ ಹೌದು. ಇಂಗ್ಲಿಷಿನ ‘ಚೆರೂಟ್’ ಹುಟ್ಟಿದ್ದು ಆ ಪದದಿಂದ. ನಮ್ಮ ಸುರುಳಿಗೆ ಇಂಗ್ಲಿಷಿನಲ್ಲಿ ಒಬ್ಬ ನೆಂಟನಿದ್ದಾನೆ ಎಂದಾಯಿತು.

ಬೇರಿನ ಅರ್ಥ ‘ಸುತ್ತಿಕೊಳ್ಳುವುದು’ ಆದ್ದರಿಂದಲೇ ಪದ ಹಲವು ಕಡೆ ಹರಡಿದೆ. ಕಾಗದದ ಸುರುಳಿ, ಫಿಲ್ಮಿನ ಸುರುಳಿ, ಹೊಗೆಯ ಸುರುಳಿ, ಹಾವು ಸುರುಳಿ ಸುತ್ತಿಕೊಂಡು ಮಲಗುವುದು, ವಿದ್ಯುತ್ ಪಾಠದ ತಂತಿ ಸುರುಳಿ, ಸುರುಳಿ ಗ್ಯಾಲಕ್ಸಿ. ಇವುಗಳಲ್ಲಿ ಹಾಳೆಯನ್ನು ಸುತ್ತಿದ ಸುರುಳಿಯನ್ನು ಪ್ರತ್ಯೇಕವಾಗಿ ನೆನಪಿಡಿ. ಅದರ ತುದಿಯನ್ನು ಎದುರಿನಿಂದ ನೋಡಿದರೆ ಚಪ್ಪಟೆ ಸುರುಳಿ ಕಾಣುತ್ತದೆ, ಸುತ್ತುಗಳ ನಡುವಿನ ಅಂತರ ಹಾಳೆಯ ದಪ್ಪದಷ್ಟೇ. ಇದರಿಂದ ಒಂದು ಉಪಯೋಗವೂ ಉಂಟು: ಸುರುಳಿಯನ್ನು ಬಿಚ್ಚದೆ ಹಾಳೆಯ ಉದ್ದ ಲೆಕ್ಕ ಹಾಕಬಹುದು. ಹೊರವ್ಯಾಸದ ವರ್ಗದಿಂದ ಒಳಕೊಳವೆಯ ವ್ಯಾಸದ ವರ್ಗ ಕಳೆಯಿರಿ, 3.1416ರಿಂದ ಗುಣಿಸಿ, ಹಾಳೆಯ ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಿ. ಹೊರವ್ಯಾಸ 100 ಮಿ.ಮೀ., ಕೊಳವೆ 40 ಮಿ.ಮೀ., ದಪ್ಪ 0.1 ಮಿ.ಮೀ. ಇದ್ದರೆ ಸುಮಾರು 66 ಮೀಟರ್ ಹಾಳೆ, 300 ಸುತ್ತು. ಸಡಿಲವಾಗಿ ಸುತ್ತಿದ್ದರೆ ಲೆಕ್ಕ ನಿಜಕ್ಕಿಂತ ಹೆಚ್ಚು ಬರುತ್ತದೆ, ನಡುವೆ ಗಾಳಿ ಸೇರಿರುತ್ತದೆ.

ಎರಡನೆಯ ಪ್ರಶ್ನೆ: ಚಪ್ಪಟೆಯೋ, ಏರುವುದೋ?

ರೇಖಾಗಣಿತಕ್ಕೆ ಇದು ಮುಖ್ಯವಾದ ಗೆರೆ. ನಡುವಿನಿಂದ ದೂರ ಸರಿಯುತ್ತಾ ಒಂದೇ ಸಮತಲದಲ್ಲಿ ಸುತ್ತುವುದು ಸ್ಪೈರಲ್. ಅಕ್ಷದಿಂದ ಒಂದೇ ದೂರದಲ್ಲಿದ್ದು, ಸುತ್ತುತ್ತಾ ಮೇಲೇರುವುದು ಹೆಲಿಕ್ಸ್. ಸೊಳ್ಳೆಬತ್ತಿ ಮೊದಲನೆಯದು. ಸ್ಪ್ರಿಂಗು, ಬೋಲ್ಟಿನ ಥ್ರೆಡ್ಡು, ಡಿಎನ್‌ಎ ಎರಡನೆಯವು. ನಾವು ಸುರುಳಿ ಮೆಟ್ಟಿಲು ಎನ್ನುವುದೂ ನಿಜದಲ್ಲಿ ಹೆಲಿಕ್ಸೇ. ಶಂಖದಲ್ಲಿ ಎರಡೂ ಕೂಡಿವೆ: ದೂರವೂ ಹೆಚ್ಚುತ್ತದೆ, ಇಳಿಜಾರೂ ಇದೆ.

ಸ್ಪೈರಲ್ ಬಂದದ್ದು ಲ್ಯಾಟಿನ್ನಿನ ‘ಸ್ಪೈರಾ’ದಿಂದ, ಅದಕ್ಕೂ ಹಿಂದೆ ಗ್ರೀಕಿನ ‘ಸ್ಪೇರಾ’ದಿಂದ, ಅರ್ಥ ಸುತ್ತಿಟ್ಟದ್ದು. ಉಸಿರಾಡು ಎಂಬ ಅರ್ಥದ ಲ್ಯಾಟಿನ್ ಪದದೊಂದಿಗೆ ಇದನ್ನು ಬೆರೆಸಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಲಿಕ್ಸ್ ಗ್ರೀಕ್ ಪದ, ತಿರುಗಿದ್ದು ಎಂದರ್ಥ. ಹೆಲಿಕಾಪ್ಟರ್ ಎಂಬ ಹೆಸರು ಈ ಪದಕ್ಕೆ ‘ರೆಕ್ಕೆ’ ಎಂಬ ಅರ್ಥದ ಗ್ರೀಕ್ ಪದ ಸೇರಿ ಆಗಿದೆ, ಕಾಪ್ಟರ್ ಎಂಬುದು ಆ ಪದದ ಸರಿಯಾದ ತುಂಡೇ ಅಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಆರ್ಕಿಮಿಡೀಸ್ ಚಪ್ಪಟೆ ಸುರುಳಿಯ ಮೇಲೆ ಗ್ರಂಥ ಬರೆದಾಗ ಅದಕ್ಕೆ ಬಳಸಿದ ಪದ ಹೆಲಿಕ್ಸ್! ಗ್ರೀಕರಲ್ಲೂ ಒಂದೇ ಪದ ಎರಡನ್ನೂ ಹೊತ್ತಿತ್ತು, ಗೆರೆ ಎಳೆದದ್ದು ನಂತರದವರು. ಕನ್ನಡದ ಸುರುಳಿ ಎರಡನ್ನೂ ಹೇಳುತ್ತದೆ ಎಂಬುದನ್ನು ಭಾಷೆಯ ಬಡತನವೆಂದು ಭಾವಿಸಬೇಕಿಲ್ಲ. ಬೇಕಾದಲ್ಲಿ ಒಂದು ವಿಶೇಷಣ ಸೇರಿಸಿದರೆ ಸಾಕು: ‘ಚಪ್ಪಟೆ ಸುರುಳಿ’, ‘ಏರು ಸುರುಳಿ’. ಇವೆರಡೂ ಕೇಳಿದೊಡನೆ ಅರ್ಥವಾಗುತ್ತವೆ. ಅದಕ್ಕೆಂದೇ ಸಂಸ್ಕೃತದಿಂದ ಹೊಸ ಪದ ಕಟ್ಟುವುದಕ್ಕಿಂತ ಇದು ಮೇಲು.

ಗೊಂದಲವಿದ್ದಾಗ ಕೈಯಲ್ಲೇ ಮಾಡಿ ನೋಡಿ. 40 ಮಿ.ಮೀ. ವ್ಯಾಸದ ಕೊಳವೆ ತೆಗೆದುಕೊಳ್ಳಿ. ಅದರ ಸುತ್ತಳತೆ 125.7 ಮಿ.ಮೀ. ಎ4 ಹಾಳೆಯ ಉದ್ದನೆಯ ಬದಿಯಲ್ಲಿ 251.3 ಮಿ.ಮೀ. ಪಾದ, ಒಂದು ತುದಿಯಲ್ಲಿ 40 ಮಿ.ಮೀ. ಎತ್ತರ ಇರುವ ಲಂಬಕೋನ ತ್ರಿಭುಜ ಕತ್ತರಿಸಿ. ಓರೆ ಅಂಚಿಗೆ ಮಸಿ ಬಳಿಯಿರಿ. ಎತ್ತರದ ಬದಿಯನ್ನು ಕೊಳವೆಯ ಉದ್ದಕ್ಕೆ ಸಮಾನಾಂತರವಾಗಿ ಅಂಟಿಸಿ, ಪಾದದ ಅಂಚು ಕೊಳವೆಯ ಸುತ್ತ ತನ್ನ ಮೇಲೆ ತಾನೇ ಕೂರುವಂತೆ ಸುತ್ತುತ್ತಾ ಹೋಗಿ. ಓರೆ ಅಂಚು ಎರಡು ಸುತ್ತಿನ ಏರು ಸುರುಳಿಯಾಗಿ ನಿಲ್ಲುತ್ತದೆ, ಒಂದು ಸುತ್ತಿಗೆ 20 ಮಿ.ಮೀ. ಏರು. ಈ ಏರಿಗೆ ಬೋಲ್ಟಿನಲ್ಲಿ ಪಿಚ್ ಎನ್ನುತ್ತಾರೆ. 8 ಮಿ.ಮೀ. ವ್ಯಾಸದ ಸಾಮಾನ್ಯ ಎಂ8 ಬೋಲ್ಟಿನಲ್ಲಿ ಅದು 1.25 ಮಿ.ಮೀ.

ಇಲ್ಲಿ ಕೆಡುವುದು ಎರಡು ಕಡೆ. ಮೊದಲ ಅಂಚನ್ನು ಓರೆಯಾಗಿ ಅಂಟಿಸಿದರೆ ಪಾದದ ಅಂಚು ಮೇಲಕ್ಕೋ ಕೆಳಕ್ಕೋ ಜಾರುತ್ತದೆ, ಆಗ ಪಿಚ್ ತಪ್ಪುತ್ತದೆ. ಎರಡನೆಯದು ಕಾಗದದ ದಪ್ಪ: ಎರಡನೇ ಸುತ್ತು ಮೊದಲ ಪದರದ ಮೇಲೆ ಹೋಗುವುದರಿಂದ 0.1 ಮಿ.ಮೀ. ಹಾಳೆಯಲ್ಲೂ ಸುತ್ತಳತೆ ಸುಮಾರು 0.6 ಮಿ.ಮೀ. ಹೆಚ್ಚುತ್ತದೆ, ತುದಿ ಅಷ್ಟು ಹಿಂದೆ ನಿಲ್ಲುತ್ತದೆ. ದಪ್ಪ ರಟ್ಟಿನಲ್ಲಿ ಈ ಕೆಲಸ ಮಾಡಬೇಡಿ.

ಮೂರನೆಯ ಪ್ರಶ್ನೆ: ಎಡಮುರಿಯೋ, ಬಲಮುರಿಯೋ?

ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಕನ್ನಡದಲ್ಲಿ ಅತ್ಯಂತ ಚೆಂದದ ಪದಗಳಿರುವುದೂ ಇಲ್ಲಿ. ‘ಮುರಿ’ ಎಂದರೆ ಇಂದು ತುಂಡಾಗುವುದು ಎಂದಷ್ಟೇ ಮನಸ್ಸಿಗೆ ಬರುತ್ತದೆ. ಹಳೆಯ ಅರ್ಥ ಬಾಗುವುದು, ತಿರುಗುವುದು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಮೇಲಿರುವ ಬಲಮುರಿ, ಎಡಮುರಿ ಎಂಬ ಜಾಗಗಳ ಹೆಸರಿನಲ್ಲಿ, ಸೊಂಡಿಲು ಬಲಕ್ಕೆ ತಿರುಗಿದ ಬಲಮುರಿ ಗಣಪತಿಯಲ್ಲಿ ಆ ಅರ್ಥ ಇನ್ನೂ ಬದುಕಿದೆ. ಕಾಡಂಚಿನಲ್ಲಿ ಬೆಳೆಯುವ, ಕಾಯಿ ಹಗ್ಗದಂತೆ ತಿರುಚಿಕೊಂಡಿರುವ ಗಿಡಕ್ಕೆ ನಮ್ಮವರು ಎಡಮುರಿ ಎಂದರು. ಸಸ್ಯಶಾಸ್ತ್ರ ಅದನ್ನು ಹೆಲಿಕ್ಟೆರಿಸ್ ಐಸೋರಾ ಎಂದು ಕರೆಯಿತು. ಹೆಲಿಕ್ಟೆರಿಸ್ ಎಂಬುದೂ ಹೆಲಿಕ್ಸಿನ ಮನೆತನದ್ದೇ. ಎರಡು ಭಾಷೆಯವರು ಬೇರೆ ಬೇರೆಯಾಗಿ ಒಂದೇ ಕಾಯಿಯನ್ನು ನೋಡಿ ಒಂದೇ ಹೆಸರಿಟ್ಟಂತಾಗಿದೆ. ಬಲಮುರಿ ಎಂಬುದಕ್ಕೆ ತಮಿಳಿನಲ್ಲಿ ಹೇಳುವ ವಲಂಪುರಿಯಲ್ಲಿರುವ ‘ಪುರಿ’ ನಮ್ಮ ‘ಹುರಿ’. ಪಾಲು ಹಾಲಾದ ಹಾಗೆ ಪುರಿ ಹುರಿಯಾಯಿತು. ದಾರವನ್ನು ಹುರಿ ಮಾಡುವುದು ಎಂದರೆ ಏರು ಸುರುಳಿಯಾಗಿ ತಿರುಚುವುದು.

ಏರು ಸುರುಳಿಯ ಕೈ, ಅಂದರೆ ಅದರ ತಿರುವು ಎಡದ್ದೋ ಬಲದ್ದೋ ಎಂಬುದನ್ನು, ಗುರುತಿಸಲು ಅದನ್ನು ನೆಟ್ಟಗೆ ನಿಲ್ಲಿಸಿ, ನಿಮಗೆ ಕಾಣುವ ಎದುರಿನ ಗೆರೆಗಳನ್ನಷ್ಟೇ ನೋಡಿ. ಗೆರೆ ಎಡಗಡೆಯ ಕೆಳಗಿನಿಂದ ಬಲಗಡೆಯ ಮೇಲಕ್ಕೆ ಏರುತ್ತಿದ್ದರೆ ಬಲಗೈ ಸುರುಳಿ. ಇಂಗ್ಲಿಷಿನ ಝಡ್ ಅಕ್ಷರದ ನಡುಗೆರೆಯ ಓರೆಯೂ ಇದೇ, ನೂಲು ತಯಾರಿಸುವವರು ಇದನ್ನು ಝಡ್ ಹುರಿ ಎನ್ನುತ್ತಾರೆ. ಎದುರು ಓರೆಯಿದ್ದರೆ ಎಡಗೈ, ಎಸ್ ಹುರಿ. ಸಾಮಾನ್ಯ ಬೋಲ್ಟು ಬಲಗೈಯದು. ಸೈಕಲ್ಲಿನ ಎಡ ಪೆಡಲಿನ ಥ್ರೆಡ್ಡು ಮಾತ್ರ ಎಡಗೈಯದು, ತುಳಿದಂತೆ ಸಡಿಲವಾಗದಿರಲಿ ಎಂದು. ಹಗ್ಗ ಹೊಸೆಯುವಾಗ ಎಳೆಗಳನ್ನು ಒಂದು ಕೈಗೆ ಹುರಿ ಮಾಡಿ, ಆ ಹುರಿಗಳನ್ನು ಎದುರು ಕೈಗೆ ಸೇರಿಸುತ್ತಾರೆ. ಎರಡೂ ಒಂದೇ ಕಡೆಗಾದರೆ ಬಿಟ್ಟ ಕೂಡಲೇ ಹಗ್ಗ ಬಿಚ್ಚಿಕೊಳ್ಳುತ್ತದೆ.

ಈಗ ಒಂದು ಸ್ಪ್ರಿಂಗನ್ನು ತಲೆಕೆಳಗು ಮಾಡಿ. ಗೆರೆಯ ಓರೆ ಬದಲಾಗುವುದಿಲ್ಲ. ಏರು ಸುರುಳಿಯ ಕೈ ಅದರದೇ ಗುಣ, ನೋಡುವವರನ್ನು ಅವಲಂಬಿಸಿದ್ದಲ್ಲ. ಚಪ್ಪಟೆ ಸುರುಳಿ ಹಾಗಲ್ಲ. ತೆಳುಹಾಳೆಯ ಮೇಲೆ ಒಂದು ಬರೆದು, ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ: ದಿಕ್ಕು ತಿರುಗುಮುರುಗಾಗಿರುತ್ತದೆ. ಅದೇ ಬದಿಯಿಂದ ನೋಡಿದರೂ, ಒಳಗಿನಿಂದ ಹೊರಕ್ಕೆ ಪ್ರದಕ್ಷಿಣವಾಗಿ ಹೋಗುವ ಗೆರೆ ಹೊರಗಿನಿಂದ ಒಳಕ್ಕೆ ಬರುವಾಗ ಅಪ್ರದಕ್ಷಿಣವಾಗುತ್ತದೆ. ಆದ್ದರಿಂದ ‘ಪ್ರದಕ್ಷಿಣ ಸುರುಳಿ’ ಎಂದು ಬರೆದು ಬಿಟ್ಟರೆ ಏನೂ ಹೇಳಿದಂತಾಗುವುದಿಲ್ಲ. ಯಾವ ಬದಿಯಿಂದ ನೋಡಿದ್ದು, ಒಳಗಿಂದಲೋ ಹೊರಗಿಂದಲೋ ಎರಡನ್ನೂ ಬರೆಯಬೇಕು.

ಶಂಖದ ವಿಷಯದಲ್ಲಿ ಈ ಎಚ್ಚರ ತಪ್ಪಿದರೆ ಅರ್ಥವೇ ಉಲ್ಟಾ ಆಗುತ್ತದೆ. ಪ್ರಾಣಿಶಾಸ್ತ್ರದವರು ಶಂಖದ ಮೊನೆಯನ್ನು ಮೇಲಕ್ಕೆ, ಬಾಯನ್ನು ತಮ್ಮ ಕಡೆಗೆ ಹಿಡಿಯುತ್ತಾರೆ; ಬಾಯಿ ಬಲಕ್ಕಿದ್ದರೆ ಬಲಗೈ ಶಂಖ. ಸಾಮಾನ್ಯ ಶಂಖಗಳೆಲ್ಲ ಹೀಗೇ. ಸಂಪ್ರದಾಯದಲ್ಲಿ ಬಲಮುರಿ ಅಥವಾ ದಕ್ಷಿಣಾವರ್ತ ಎನ್ನುವ ಅಪರೂಪದ ಶಂಖ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಎಡಗೈಯದು! ಅದನ್ನು ಮೊನೆ ಕೆಳಗೆ, ಎದುರು ತುದಿಯ ನಾಳ ಮೇಲೆ ಮಾಡಿ ಹಿಡಿದರೆ ಬಾಯಿ ಬಲಕ್ಕೆ ಬರುತ್ತದೆ. ಎರಡೂ ಕಡೆಯವರು ಸರಿ, ಹಿಡಿಯುವ ಕ್ರಮ ಬೇರೆ. ಅನುವಾದಿಸುವಾಗ ‘ಬಲಗೈ’ ಇದ್ದಲ್ಲಿ ಕಣ್ಣು ಮುಚ್ಚಿ ‘ಬಲಮುರಿ’ ಹಾಕಿದರೆ ಅಪರೂಪದ್ದು ಸಾಮಾನ್ಯವಾಗಿಬಿಡುತ್ತದೆ. ಕೊಳ್ಳುವವರಿಗೂ ಒಂದು ಮಾತು: ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಹುಟ್ಟಿನಿಂದಲೇ ಎಡಗೈಯಾದ ಬೇರೊಂದು ಜಾತಿಯ ಶಂಖವಿದೆ, ಅದನ್ನೇ ದಕ್ಷಿಣಾವರ್ತವೆಂದು ಮಾರುವುದುಂಟು. ತಿರುವಿನ ದಿಕ್ಕೊಂದರಿಂದ ಜಾತಿ ತಿಳಿಯುವುದಿಲ್ಲ. ಬಳ್ಳಿಗಳ ಬಗ್ಗೆ ಹಳೆಯ ಸಸ್ಯಶಾಸ್ತ್ರ ಪುಸ್ತಕಗಳಲ್ಲೂ ಇದೇ ತೊಡಕು. ಸುತ್ತಿನ ಒಳಗೆ ನಿಂತು ನೋಡಿದಂತೆ ಬರೆದವರಿಗೂ ಹೊರಗೆ ನಿಂತು ನೋಡಿದವರಿಗೂ ಎಡಬಲ ಅದಲುಬದಲು.

ನಾಲ್ಕನೆಯ ಪ್ರಶ್ನೆ: ಅಂತರ ಬೆಳೆಯುತ್ತದೆಯೇ?

ಇದು ಚಪ್ಪಟೆ ಸುರುಳಿಗೆ ಮಾತ್ರ. ನಡುವಿನಿಂದ ಹೊರಕ್ಕೆ ಒಂದೇ ನೇರಗೆರೆ ಎಳೆದು, ಪ್ರತಿ ಸುತ್ತು ಅದನ್ನು ದಾಟುವ ಜಾಗಗಳನ್ನು ಅಳೆಯಿರಿ. 5, 15, 25, 35 ಎಂದು ಸಮನಾಗಿ ಕೂಡುತ್ತಾ ಹೋದರೆ ಆರ್ಕಿಮಿಡೀಸನ ಸುರುಳಿ. 5, 10, 20, 40 ಎಂದು ಒಂದೇ ಪಟ್ಟಿನಲ್ಲಿ ಬೆಳೆದರೆ ಲಘುಗಣಕ ಸುರುಳಿ. ಎರಡನೆಯದರ ಮೋಹಕ್ಕೆ ಬಿದ್ದ ಗಣಿತಜ್ಞ ಯಾಕೋಬ್ ಬರ್ನೂಲಿ ತನ್ನ ಸಮಾಧಿಯ ಮೇಲೆ ಅದನ್ನೇ ಕೆತ್ತಬೇಕೆಂದು ಬಯಸಿದ್ದ. 1705ರಲ್ಲಿ ಆತ ತೀರಿಕೊಂಡ ಮೇಲೆ ಬಾಸೆಲ್ ನಗರದಲ್ಲಿ ಕಲ್ಲಿನ ಮೇಲೆ ಮೂಡಿದ್ದು ಸಮ ಅಂತರದ ಸುರುಳಿ. ನಾಟಿಲಸ್ ಚಿಪ್ಪನ್ನು ಸುವರ್ಣ ಸುರುಳಿ ಎಂದು ಬರೆಯುವುದೂ ಇಂಥದೇ ತಪ್ಪು. ಸುವರ್ಣ ಅನುಪಾತದಿಂದ ಕಟ್ಟಿದ ಲಘುಗಣಕ ಸುರುಳಿಯಾದ ಸುವರ್ಣ ಸುರುಳಿ ಒಂದು ಸುತ್ತಿಗೆ 6.85 ಪಟ್ಟು ಬೆಳೆಯುತ್ತದೆ, ನಾಟಿಲಸ್ ಬೆಳೆಯುವುದು ಸುಮಾರು 3 ಪಟ್ಟು.

ಇನ್ನೊಂದು ಪದ ಅನುವಾದಕರನ್ನು ಕಾಡುತ್ತದೆ: ವಾಲ್ಯೂಟ್. ಲ್ಯಾಟಿನ್ನಿನ ‘ಸುತ್ತು, ಉರುಳಿಸು’ ಎಂಬ ಕ್ರಿಯಾಪದದಿಂದ ಬಂದದ್ದು. ಪುಸ್ತಕ ಸಂಪುಟಕ್ಕೆ ಹೇಳುವ ವಾಲ್ಯೂಮ್ ಕೂಡ ಅದರಿಂದಲೇ, ಆಗಿನ ಪುಸ್ತಕಗಳು ಸುರುಳಿಗಳಾಗಿದ್ದವಲ್ಲ. ಹಳೆಯ ಗ್ರೀಕ್ ಶೈಲಿಯ ಅಯೋನಿಕ್ ಕಂಬದ ತಲೆಯ ಎರಡು ಬದಿಯ ಸುರುಳಿ ವಾಲ್ಯೂಟ್. ನೀರೆತ್ತುವ ಪಂಪಿನಲ್ಲಿ ನೀರು ತಳ್ಳುವ ತಿರುಗುಚಕ್ರವಾದ ಇಂಪೆಲ್ಲರ್ ಸುತ್ತ ಕ್ರಮೇಣ ಅಗಲವಾಗುವ ಕವಚವೂ ವಾಲ್ಯೂಟ್. ಮೊದಲನೆಯದಕ್ಕೆ ‘ಸುರುಳಿ ಕೆತ್ತನೆ’ ಒಪ್ಪುತ್ತದೆ. ಎರಡನೆಯದಕ್ಕೆ ಬರಿಯ ಸುರುಳಿ ಎನ್ನಬೇಡಿ, ಮೆಕ್ಯಾನಿಕ್ಕು ತಂತಿ ಸುತ್ತೆಂದು ತಿಳಿಯುತ್ತಾನೆ. ‘ವಾಲ್ಯೂಟ್ ಕವಚ’ ಎಂದೇ ಇರಲಿ.

ಕಂಬದ ವಾಲ್ಯೂಟಿಗೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೊಟ್ಟ ಅಳತೆಯನ್ನು ಕೈವಾರದಿಂದ ಬರೆಯಬಹುದು. ಎತ್ತರ 8 ಭಾಗ. ನಡುವಿನ ಪುಟ್ಟ ವೃತ್ತ, ಅಂದರೆ ಕಣ್ಣು, ಒಂದು ಭಾಗ ವ್ಯಾಸ, ಅದರ ಕೇಂದ್ರದಿಂದ ಮೇಲಕ್ಕೆ ನಾಲ್ಕೂವರೆ, ಕೆಳಕ್ಕೆ ಮೂರೂವರೆ. ಒಂದು ಭಾಗ 10 ಮಿ.ಮೀ. ಎಂದಿಟ್ಟುಕೊಳ್ಳಿ. ಕಣ್ಣಿನ ಕೇಂದ್ರದ ಸುತ್ತ 5 ಮಿ.ಮೀ. ಬದಿಯ ಚೌಕ ಬರೆದು, ಮೂಲೆಗಳಿಗೆ ಮೇಲೆ ಬಲ 1, ಮೇಲೆ ಎಡ 2, ಕೆಳಗೆ ಎಡ 3, ಕೆಳಗೆ ಬಲ 4 ಎಂದು ಗುರುತು ಹಾಕಿ. 1ರಲ್ಲಿ ಮುಳ್ಳು ಊರಿ, ಅದರ ನೇರ ಮೇಲಿನಿಂದ ನೇರ ಎಡದವರೆಗೆ 42.5 ಮಿ.ಮೀ. ತ್ರಿಜ್ಯದ ಕಾಲು ವೃತ್ತ ಎಳೆಯಿರಿ. ಮುಳ್ಳನ್ನು 2ಕ್ಕೆ ಸರಿಸಿ, ಗೆರೆ ನಿಂತಲ್ಲಿಂದ ಕೆಳಗಿನವರೆಗೆ 37.5. ಆಮೇಲೆ 3ರಿಂದ 32.5, 4ರಿಂದ 27.5, ಮತ್ತೆ 1ರಿಂದ 22.5, ಹೀಗೆ ಪ್ರತಿ ಸಲ 5 ಇಳಿಸುತ್ತಾ 4ರಲ್ಲಿ 7.5ಕ್ಕೆ ಬನ್ನಿ. ಕೊನೆಯ ತುಣುಕನ್ನು 1ರಿಂದ 2.5 ತ್ರಿಜ್ಯದಲ್ಲಿ ಎಳೆದು, ಕಣ್ಣಿಗೆ ತಾಗಿದ ಕೂಡಲೇ ನಿಲ್ಲಿಸಿ. ಒಟ್ಟು ಎತ್ತರ 80, ಅಗಲ 70, ಸುತ್ತುಗಳ ಅಂತರ 20 ಮಿ.ಮೀ. ಬಂದಿರಬೇಕು. ಗೆರೆಗಳು ಕೂಡುವಲ್ಲಿ ಮೂಲೆ ಕಂಡರೆ ಮುಳ್ಳು ಊರಿದ ಮೂಲೆ ತಪ್ಪಿದೆ ಎಂದರ್ಥ. ಚೌಕ ಅಷ್ಟು ಚಿಕ್ಕದಾದ್ದರಿಂದ ಅರ್ಧ ಮಿ.ಮೀ. ತಪ್ಪೂ ಎದ್ದು ಕಾಣುತ್ತದೆ.

ನಿಘಂಟು ತೆರೆಯುವಾಗ

1894ರ ಕಿಟ್ಟೆಲ್ ನಿಘಂಟಿನಲ್ಲಿ ಸುಳಿಯ ಹಳೆಯ ರೂಪವನ್ನು ‘ೞ’ ಜೊತೆಗೇ ನೋಡಿ, ಆಗ ಸುರುಳಿಯಿಂದ ಅದನ್ನು ಬೇರ್ಪಡಿಸಬಹುದು. ಬರೋ ಮತ್ತು ಎಮೆನೊ ಸಂಪಾದಿಸಿದ ದ್ರಾವಿಡ ಜ್ಞಾತಿಪದ ನಿಘಂಟಿನಲ್ಲಿ ‘ಸ’ ಹುಡುಕಿದರೆ ಸುರುಳಿ ಸಿಗದು. ಪದಗಳನ್ನು ತಮಿಳಿನ ರೂಪದ ಅನುಸಾರ ಜೋಡಿಸಿರುವುದರಿಂದ ‘ಚ’ ಅಡಿಯಲ್ಲಿ ನೋಡಬೇಕು, ಇಲ್ಲವೇ ಹಿಂದಿನ ಕನ್ನಡ ಸೂಚಿಯಿಂದ ಹೋಗಬೇಕು. ಹುರಿಗೆ ‘ಪ’ ತೆರೆಯಿರಿ.

ಇಷ್ಟು ನೋಡಿಕೊಂಡ ಮೇಲೆ ಮೊದಲಿನ ವಾಕ್ಯಕ್ಕೆ ಮರಳಿದರೆ ಅದು ಹೀಗಾಗುತ್ತದೆ: ‘ತಂತಿಯನ್ನು ಪೆನ್ಸಿಲ್ಲಿನ ಮೇಲೆ ಏರು ಸುರುಳಿಯಾಗಿ, ಎದುರಿನ ಗೆರೆಗಳು ಬಲಕ್ಕೆ ಏರುವಂತೆ, ಸುತ್ತುಗಳು ಒಂದಕ್ಕೊಂದು ತಾಗುವಂತೆ 50 ಸುತ್ತು ಸುತ್ತಿ.’